ಕಾಲ್ ಹೆಚ್ಚಾದಾಗ ಸರ್ವರ್ ಎಲ್ಲಿ ಸೋಲುತ್ತದೆ?

ಪ್ರಶ್ನೆ (ಮುಧೋಳ, ಬಾಗಲಕೋಟೆ ಜಿಲ್ಲೆ): ಕಬ್ಬು ಬೆಳೆಗಾರರ ಸಹಾಯವಾಣಿಗೆ ಆಸ್ಟರಿಸ್ಕ್ (ಫೋನ್ ಕಾಲ್ ನಡೆಸೋ ಸಾಫ್ಟ್‌ವೇರ್) ಸರ್ವರ್ ಇಟ್ಟೇವಿ. 4 ಕೋರ್, 16 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್, 10 ಎಂಬಿಪಿಎಸ್ ಲೀಸ್ಡ್ ಲೈನ್. ಏಜೆಂಟರೆಲ್ಲ ಇದೇ ಕಟ್ಟಡದಾಗ. ಹಂಗಾಮು ಶುರುವಾದ್ರ ಮುಂಜಾನೆ ಕಟಾವು ಚೀಟಿ, ಬಿಲ್ ಕೇಳಾಕ ಕಾಲ್ ಮ್ಯಾಲೆ ಕಾಲ್. ನೂರು ದಾಟಿದ್ರ ದನಿ ಹರಕು ಹರಕು. 120ರ ಹತ್ರ ಹೊಸ ಕಾಲ್ ತಗೊಳ್ಳೂದೇ ಇಲ್ಲ, ಲಾಗ್‌ನ್ಯಾಗ ‘ಟೂ ಮೆನಿ ಓಪನ್ ಫೈಲ್ಸ್’ ಅಂತ ಬರ್ತೈತಿ. ಸಿಪಿಯು ಮಾತ್ರ ಶೇ 35 ದಾಟೂದಿಲ್ಲ. ಈ ಸಲ 500 ಕಾಲ್ ತಡೀಬೇಕು. 16 ಕೋರ್ ಮಷೀನ್ ತಗೊಳ್ಳೂದಾ?

ಉತ್ತರ: ಸದ್ಯಕ್ಕೆ ಬೇಡ. ಸಿಪಿಯು ಶೇ 35ರಲ್ಲೇ ಇದೆಯೆಂದ ಮೇಲೆ ಕೋರ್ ಹೆಚ್ಚಿಸಿದರೆ ಖಾಲಿ ಕೂರುವ ಕೋರ್‌ಗಳು ಹೆಚ್ಚುತ್ತವೆ, ಅಷ್ಟೆ. ನಿಮ್ಮಲ್ಲಿರುವುದು ಒಂದು ತೊಂದರೆಯಲ್ಲ, ಎರಡು. ಎರಡೂ ಹತ್ತಿರ ಹತ್ತಿರದ ಸಂಖ್ಯೆಯಲ್ಲೇ ಕಾಣಿಸಿಕೊಳ್ಳುವುದರಿಂದ ಒಂದೇ ಎನಿಸುತ್ತಿದೆ.

ಮೊದಲು ಹರಕು ದನಿ. ದನಿಯನ್ನು ಅಂಕಿಗಳಾಗಿಸುವ ಜಿ.711 ಕೋಡೆಕ್‌ನಲ್ಲಿ ಪ್ರತಿ 20 ಮಿಲಿಸೆಕೆಂಡಿಗೆ 160 ಬೈಟ್ ದನಿ ಹೊರಡುತ್ತದೆ. ಅದರ ಮೇಲೆ ದನಿ ಸಾಗಿಸುವ ಪ್ರೊಟೊಕಾಲ್‌ಗಳದ್ದು: ಆರ್‌ಟಿಪಿ 12, ಯುಡಿಪಿ 8, ಐಪಿ 20 ಬೈಟ್ ಹೆಡರ್ ಸೇರಿ 200 ಬೈಟ್. ಸೆಕೆಂಡಿಗೆ 50 ಪ್ಯಾಕೆಟ್ ಎಂದರೆ 80 ಕೆಬಿಪಿಎಸ್; ಈಥರ್ನೆಟ್ ಚೌಕಟ್ಟೂ ಸೇರಿದರೆ ಸುಮಾರು 87. ಇದು ಒಂದು ದಿಕ್ಕಿನ ಲೆಕ್ಕ. 10 ಎಂಬಿಪಿಎಸ್ ಅನ್ನು 87ರಿಂದ ಭಾಗಿಸಿದರೆ 114 ಕಾಲ್. ಅದೇ ಲೈನಿನಲ್ಲಿ ಆಫೀಸಿನ ಬ್ರೌಸಿಂಗ್, ಸಿಸಿಟಿವಿ ಅಪ್‌ಲೋಡ್ ಇದ್ದರೆ ನೂರಕ್ಕೇ ತುಂಬಿಬಿಡುತ್ತದೆ. ಸರ್ವರ್ ಎಷ್ಟೇ ದೊಡ್ಡದಾದರೂ ಲೈನ್ ತುಂಬಿದ ಮೇಲೆ ಪ್ಯಾಕೆಟ್ ಬೀಳುವುದು ತಪ್ಪದು. ತೊಂದರೆ ಇರುವಾಗಲೇ ಆಸ್ಟರಿಸ್ಕ್ ಕನ್ಸೋಲ್‌ನಲ್ಲಿ ‘ಪಿಜೆಸಿಪ್ ಶೋ ಚಾನಲ್‌ಸ್ಟಾಟ್ಸ್’ ಓಡಿಸಿ. ಪ್ಯಾಕೆಟ್ ನಷ್ಟ ಟ್ರಂಕ್ (ಟೆಲಿಕಾಂ ಕಂಪನಿಯಿಂದ ಕಾಲ್ ಬರುವ ಸಂಪರ್ಕ) ಕಡೆಯ ಚಾನಲ್‌ಗಳಲ್ಲಿ ಮಾತ್ರ ಕಂಡು ಏಜೆಂಟರ ಕಡೆ ಶೂನ್ಯವಿದ್ದರೆ ಲೈನೇ ಕಾರಣ.

500 ಕಾಲಿಗೆ ಒಂದು ದಿಕ್ಕಿಗೇ ಸುಮಾರು 44 ಎಂಬಿಪಿಎಸ್ ಬೇಕು. ಲೈನನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು, ಹಾಗಾಗಿ 60ಕ್ಕೆ ಕಡಿಮೆ ಬೇಡ. ದನಿಯನ್ನು ಹೆಚ್ಚು ಹಿಂಡುವ ಜಿ.729ಕ್ಕೆ ಬದಲಿಸಿದರೆ ಕಾಲಿಗೆ 31 ಕೆಬಿಪಿಎಸ್ ಸಾಕು ಎಂದು ಯಾರಾದರೂ ಹೇಳಿಯಾರು. ಲೆಕ್ಕ ಸರಿ. ಆದರೆ ರೆಕಾರ್ಡಿಂಗ್ ಇರುವ ಪ್ರತಿ ಕಾಲನ್ನೂ ಬಿಚ್ಚಬೇಕಾಗುತ್ತದೆ; ಈಗ ಬಿಡುವಾಗಿರುವ ಸಿಪಿಯು ಆಗ ನಿಜಕ್ಕೂ ತುಂಬುತ್ತದೆ. ರೈತರು ಮಾತಾಡುವುದು ಮೊಬೈಲಿನಿಂದ. ಅಲ್ಲಿ ಒಮ್ಮೆ ಹಿಂಡಿದ ದನಿಯನ್ನು ಇಲ್ಲಿ ಮತ್ತೊಮ್ಮೆ ಹಿಂಡುವುದೂ ಒಳ್ಳೆಯದಲ್ಲ. ಬ್ಯಾಂಡ್‌ವಿಡ್ತ್ ಕೊಳ್ಳುವುದೇ ಲೇಸು.

ಭಾರತದ ಟೆಲಿಫೋನ್ ಜಾಲ ಬಳಸುವುದು ಜಿ.711ರ ಎ-ಲಾ ಬಗೆಯನ್ನು. ಟ್ರಂಕ್‌ನಲ್ಲೂ ಏಜೆಂಟರ ಫೋನ್‌ಗಳಲ್ಲೂ ಮೊದಲು ‘ಡಿಸಲೌ’ಗೆ ‘ಆಲ್’, ನಂತರ ‘ಅಲೌ’ಗೆ ‘ಎಲಾ’ ಒಂದನ್ನೇ ಕೊಡಿ. ಐವಿಆರ್ (‘ಒಂದು ಒತ್ತಿ’ ಎನ್ನುವ ಸ್ವಯಂಚಾಲಿತ ಉತ್ತರ) ಧ್ವನಿಗಳನ್ನೂ ಕಾಯುವಾಗಿನ ಸಂಗೀತವನ್ನೂ ‘ಫೈಲ್ ಕನ್ವರ್ಟ್’ ಆದೇಶದಿಂದ ಎ-ಲಾಗೆ ಬದಲಿಸಿಡಿ. ಸಾಲಿನಲ್ಲಿ ಕಾಯುತ್ತಿರುವ 300 ಜನರಿಗೆ ಎಂಪಿ3 ಬಿಚ್ಚಿ ಕೇಳಿಸುವುದು ಸುಮ್ಮನೆ ಸಿಪಿಯು ಸುಡುವ ಕೆಲಸ.

ಎರಡನೆಯದು ಫೈಲ್ ಮಿತಿ. ಲಿನಕ್ಸ್‌ನಲ್ಲಿ ಸಾಕೆಟ್ (ನೆಟ್‌ವರ್ಕ್ ಸಂಪರ್ಕದ ತುದಿ) ಕೂಡ ಫೈಲೇ. ಕಾಲಿನ ಒಂದು ಬದಿಗೆ, ಅಂದರೆ ಒಂದು ಲೆಗ್‌ಗೆ, ದನಿಯ ಆರ್‌ಟಿಪಿಗೊಂದು, ಅದರ ವರದಿಯ ಆರ್‌ಟಿಸಿಪಿಗೊಂದು ಸಾಕೆಟ್. ಜೊತೆಗೆ ಆಂತರಿಕ ಪೈಪ್, ನುಡಿಸುತ್ತಿರುವ ಧ್ವನಿ ಫೈಲ್, ರೆಕಾರ್ಡಿಂಗ್ ಫೈಲ್, ಎಜಿಐ (ಕಾಲ್ ನಡುವೆ ಹೊರಗಿನ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಇದ್ದರೆ ಅದರ ಪೈಪ್‌ಗಳು. ಕಾಲಿಗೆ ಎಂಟು-ಹತ್ತು ಎಂದು ಹಿಡಿಯಿರಿ. ಸಾಮಾನ್ಯ ಮಿತಿ 1,024. ನಿಮ್ಮ 120 ಬಂದದ್ದು ಅಲ್ಲಿಂದಲೇ.

ಇಲ್ಲಿ ಬಹಳ ಜನ ಎಡವುತ್ತಾರೆ. ‘ಲಿಮಿಟ್ಸ್.ಕಾನ್ಫ್’ ತಿದ್ದಿ, ಟರ್ಮಿನಲ್‌ನಲ್ಲಿ ‘ಯೂಲಿಮಿಟ್’ ನೋಡಿ, ಹೊಸ ಅಂಕಿ ಕಂಡು ಖುಷಿಪಡುತ್ತಾರೆ. ಆ ಫೈಲ್ ಅನ್ವಯಿಸುವುದು ಲಾಗಿನ್ ಆದವರಿಗೆ. ಸಿಸ್ಟಮ್‌ಡಿ ಶುರುಮಾಡುವ ಸೇವೆಗೆ ಅಲ್ಲ. ‘ಸಿಸ್ಟಮ್‌ಸಿಟಿಎಲ್ ಎಡಿಟ್ ಆಸ್ಟರಿಸ್ಕ್’ ತೆರೆದು ‘ಸರ್ವಿಸ್’ ವಿಭಾಗದಲ್ಲಿ ‘ಲಿಮಿಟ್‌ನೋಫೈಲ್’ಗೆ 65536 ಕೊಡಿ. ‘ಡೀಮನ್-ರಿಲೋಡ್’ ಮಾಡಿ ಆಸ್ಟರಿಸ್ಕನ್ನು ಪೂರ್ತಿ ನಿಲ್ಲಿಸಿ ಶುರುಮಾಡಿ. ನಂತರ ‘ಪ್ರಾಕ್’ ಒಳಗೆ ಆಸ್ಟರಿಸ್ಕ್‌ನ ಪ್ರೋಸೆಸ್ ಸಂಖ್ಯೆಯ ಡೈರೆಕ್ಟರಿಯಲ್ಲಿರುವ ‘ಲಿಮಿಟ್ಸ್’ ಫೈಲ್ ನೋಡಿ. ನಂಬಬೇಕಾದದ್ದು ಅದೊಂದನ್ನೇ.

‘ಆರ್‌ಟಿಪಿ.ಕಾನ್ಫ್’ನಲ್ಲಿ 10000ದಿಂದ 20000ದವರೆಗೆ ಪೋರ್ಟ್ ಇದ್ದರೆ 5,000 ಲೆಗ್‌ಗೆ ಸಾಕು. ಫೈರ್‌ವಾಲ್‌ಗೆ ಹೆದರಿ ಯಾರಾದರೂ ಅದನ್ನು 10200ಕ್ಕೆ ಇಳಿಸಿದ್ದರೆ ಎರಡು ಲೆಗ್‌ನ ಕಾಲ್ ಐವತ್ತಕ್ಕೇ ನಿಲ್ಲುತ್ತದೆ.

ಇವೆರಡು ಸರಿಹೋದ ಮೇಲೆ ಮುಂದಿನ ಅಡ್ಡಿ ಡಿಸ್ಕ್. ವೇವ್ ರೆಕಾರ್ಡಿಂಗ್ ಸೆಕೆಂಡಿಗೆ 16,000 ಬೈಟ್. 500 ಕಾಲಿಗೆ 8 ಎಂಬಿ. ಒಂದೇ ಫೈಲಾಗಿದ್ದರೆ ಹಳೇ ಡಿಸ್ಕೂ ತಾಳಿಕೊಳ್ಳುತ್ತಿತ್ತು, ಆದರೆ 500 ಫೈಲಿಗೆ ಚೂರುಚೂರಾಗಿ ಬರೆಯುವಾಗ ಅದರ ಮುಳ್ಳು ಓಡಾಡಿಯೇ ಸುಸ್ತಾಗುತ್ತದೆ. ರೆಕಾರ್ಡಿಂಗ್‌ನಲ್ಲಿ ತುಣುಕು ಬಿಟ್ಟುಹೋಗುತ್ತದೆ. ಡೇಟಾಬೇಸೂ ಅದೇ ಡಿಸ್ಕ್‌ನಲ್ಲಿದ್ದರೆ ಐವಿಆರ್ ಮಧ್ಯೆ ಮೂಕವಾಗುತ್ತದೆ. ರ‍್ಯಾಮ್‌ನಲ್ಲಿ 4 ಜಿಬಿಯ ತಾತ್ಕಾಲಿಕ ಡಿಸ್ಕ್, ಅಂದರೆ ಟೆಂಪ್‌ಎಫ್‌ಎಸ್ ಮಾಡಿ ರೆಕಾರ್ಡಿಂಗ್ ಅಲ್ಲಿಗೆ ಬರೆಯಿಸಿ. ಐದು ನಿಮಿಷದ ಕಾಲ್ 4.8 ಎಂಬಿ, 500ಕ್ಕೆ 2.4 ಜಿಬಿ; ಜಾಗ ಸಾಕು. ರೆಕಾರ್ಡ್ ಮಾಡುವ ‘ಮಿಕ್ಸ್‌ಮಾನಿಟರ್’ನ ಮೂರನೇ ಆರ್ಗ್ಯುಮೆಂಟಿನಲ್ಲಿ ಕಾಲ್ ಮುಗಿದಾಗ ಫೈಲನ್ನು ಡಿಸ್ಕ್‌ಗೆ ಸರಿಸುವ ಆದೇಶವಷ್ಟೇ ಇರಲಿ. ಹಿಂಡುವ ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳಿ: ವೇವ್49 ಮಾಡಿದರೆ ಗಂಟೆಗೆ 57.6 ಎಂಬಿ ಇದ್ದದ್ದು 6ರೊಳಗೆ ಬರುತ್ತದೆ. ಕರೆಂಟ್ ಹೋದರೆ ಟೆಂಪ್‌ಎಫ್‌ಎಸ್‌ನಲ್ಲಿದ್ದದ್ದೆಲ್ಲ ಹೋಯಿತು ಎಂದೇ ಅರ್ಥ, ಆದ್ದರಿಂದ ಯುಪಿಎಸ್ ಬ್ಯಾಟರಿ ಮೊದಲೇ ಪರೀಕ್ಷಿಸಿ.

ರೈತರ ಕೋಡ್ ನಂಬರ್ ಒತ್ತಿಸಿಕೊಂಡು ಚೀಟಿಯ ಸ್ಥಿತಿ ಹೇಳಲು ಪಿಎಚ್‌ಪಿ ಎಜಿಐ ಬಳಸುತ್ತಿದ್ದರೆ ಕಾಲಿಗೊಂದು ಹೊಸ ಪ್ರೋಸೆಸ್ ಹುಟ್ಟುತ್ತದೆ. ಮುಂಜಾನೆಯ ನೂಕುನುಗ್ಗಲಿಗೆ ಅದು ತಕ್ಕದ್ದಲ್ಲ. ಸದಾ ಓಡುತ್ತಿರುವ ಪ್ರೋಗ್ರಾಂ ಬಳಸುವ ಫಾಸ್ಟ್‌ಎಜಿಐಗೆ ಅಥವಾ ಡೇಟಾಬೇಸನ್ನು ನೇರ ಕೇಳುವ ‘ಫಂಕ್ ಓಡಿಬಿಸಿ’ಗೆ ಬನ್ನಿ. ಓಡಿಬಿಸಿಯಲ್ಲಿ ‘ಮ್ಯಾಕ್ಸ್ ಕನೆಕ್ಷನ್ಸ್’ ಕೊಡದಿದ್ದರೆ ಅದು 1 ಎಂದೇ ಹಿಡಿಯುತ್ತದೆ, ಎಲ್ಲ ಕಾಲ್‌ಗಳೂ ಒಂದೇ ಬಾಗಿಲಲ್ಲಿ ಸಾಲುಗಟ್ಟುತ್ತವೆ. 20 ಕೊಡಿ, ಕೋಡ್ ಕಾಲಂಗೆ ಇಂಡೆಕ್ಸ್ ಹಾಕಿ.

500 ಕಾಲೂ ಏಜೆಂಟರಿಗೆ ಸೇರಿದರೆ 1,000 ಲೆಗ್. ಸೆಕೆಂಡಿಗೆ 50,000 ಪ್ಯಾಕೆಟ್ ಒಳಗೆ, ಅಷ್ಟೇ ಹೊರಗೆ. ಆಗ ‘ಎಂಪಿಸ್ಟ್ಯಾಟ್’ನಲ್ಲಿ ಪ್ರತಿ ಕೋರನ್ನು ಬೇರೆಯಾಗಿ ನೋಡಿ. ಸರಾಸರಿ ಶೇ 35 ಇದ್ದೂ ಒಂದು ಕೋರಿನ ‘ಸಾಫ್ಟ್’ (ಪ್ಯಾಕೆಟ್ ನಿಭಾಯಿಸುವ ಕೆಲಸದ) ಕಾಲಂ ನೂರಕ್ಕೆ ಮುಟ್ಟಿರಬಹುದು. ಅನೇಕ ನೆಟ್‌ವರ್ಕ್ ಕಾರ್ಡ್‌ಗಳು ಯುಡಿಪಿಯನ್ನು ಐಪಿ ವಿಳಾಸ ನೋಡಿ ಮಾತ್ರ ಹಂಚುತ್ತವೆ. ಟ್ರಂಕ್ ಒಂದೇ ವಿಳಾಸದಿಂದ ಬರುವುದರಿಂದ ಅಷ್ಟೂ ಒಂದೇ ಕೋರಿನ ತಲೆ ಮೇಲೆ ಬೀಳುತ್ತದೆ. ‘ಈಥ್‌ಟೂಲ್’ನ ‘ಆರ್‌ಎಕ್ಸ್-ಫ್ಲೋ-ಹ್ಯಾಶ್’ನಲ್ಲಿ ‘ಯುಡಿಪಿ4’ಗೆ ‘ಎಸ್‌ಡಿಎಫ್‌ಎನ್’ ಕೊಟ್ಟರೆ ಪೋರ್ಟ್ ಕೂಡ ಲೆಕ್ಕಕ್ಕೆ ಬಂದು ಹಂಚಿಕೆಯಾಗುತ್ತದೆ. ‘ನೆಟ್‌ಸ್ಟ್ಯಾಟ್ -ಎಸ್‌ಯು’ದಲ್ಲಿ ‘ರಿಸೀವ್ ಬಫರ್ ಎರರ್ಸ್’ ಏರುತ್ತಿದ್ದರೆ ‘ಆರ್‌ಮೆಮ್ ಮ್ಯಾಕ್ಸ್’ ಒಂದನ್ನೇ ಏರಿಸಿ ಪ್ರಯೋಜನವಿಲ್ಲ. ಪ್ರೋಗ್ರಾಂ ತಾನಾಗಿ ದೊಡ್ಡ ಬಫರ್ ಕೇಳದಿದ್ದರೆ ಅದಕ್ಕೆ ಸಿಗುವುದು ‘ಆರ್‌ಮೆಮ್ ಡಿಫಾಲ್ಟ್’ನಷ್ಟೇ.

‘ಕೋರ್ ಶೋ ಟಾಸ್ಕ್‌ಪ್ರೊಸೆಸರ್ಸ್’ನಲ್ಲಿ ಬಾಕಿ ಕೆಲಸದ ಯಾವುದಾದರೂ ಸಾಲು 500 ಮುಟ್ಟಿದರೆ ಕರೆ ಕಟ್ಟುವ ಭಾಗವಾದ ಪಿಜೆಸಿಪ್ ಹೊಸ ಕರೆಗಳನ್ನು ತಾನೇ ಕೈಬಿಡುತ್ತದೆ. ಆ ಎಚ್ಚರಿಕೆಯನ್ನು ಆಫ್ ಮಾಡಬೇಡಿ, ಹಿಂದಿರುವ ಕಾರಣ ಹುಡುಕಿ. ಇನ್ನೂ ಪಿಜೆಸಿಪ್‌ಗೆ ಮೊದಲಿದ್ದ ಚಾನ್‌ಸಿಪ್‌ನಲ್ಲಿದ್ದರೆ ಹಂಗಾಮಿಗೆ ಮೊದಲೇ ಬಿಡಿ. ಆಸ್ಟರಿಸ್ಕ್ 21ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ. ಕೊನೆಗೆ ‘ಮ್ಯಾಕ್ಸ್‌ಕಾಲ್ಸ್’ಗೆ ನಿಮ್ಮ ಲೈನ್ ತಾಳುವ ಅಂಕಿ ಕೊಡಿ. 501ನೆಯವರಿಗೆ ಕಾಲ್ ಸಿಗದಿರುವುದು 500 ಮಂದಿಗೂ ಹರಕು ದನಿ ಕೇಳಿಸುವುದಕ್ಕಿಂತ ಮೇಲು.

ಪ್ರಶ್ನೆ (ವಿಜಯಪುರ): ಒಣದ್ರಾಕ್ಷಿ ದರವನ್ನು 600 ಬೆಳೆಗಾರರಿಗೆ ಧ್ವನಿ ಕಾಲ್ ಮೂಲಕ ತಿಳಿಸುತ್ತೇವೆ. ಯಾರಿಗೆ ಡಯಲ್ ಮಾಡಬೇಕೆಂದು ಆಸ್ಟರಿಸ್ಕ್‌ಗೆ ಹೇಳುವ ಕಾಲ್ ಫೈಲ್‌ಗಳನ್ನು ಒಟ್ಟಿಗೇ ಹಾಕಿದರೆ ಅರ್ಧಕ್ಕರ್ಧ 503 (ಸೇವೆ ಲಭ್ಯವಿಲ್ಲ) ಎಂದು ವಾಪಸ್ ಬರುತ್ತವೆ. ನಮಗಿರುವುದು 100 ಚಾನಲ್.

ಉತ್ತರ: ‘ಔಟ್‌ಗೋಯಿಂಗ್’ ಡೈರೆಕ್ಟರಿಗೆ ಬಿದ್ದ ಫೈಲ್‌ಗಳನ್ನು ಆಸ್ಟರಿಸ್ಕ್ ತಡೆದು ಬಿಡುವುದಿಲ್ಲ, ಎಲ್ಲವನ್ನೂ ಒಮ್ಮೆಗೇ ಡಯಲ್ ಮಾಡುತ್ತದೆ. ರಿಂಗ್ ಆಗುವಾಗಲೂ ಚಾನಲ್ ಹಿಡಿದಿರುತ್ತದೆ ಎಂಬುದನ್ನು ಮರೆಯಬೇಡಿ. 20 ಸೆಕೆಂಡ್ ರಿಂಗ್, 30 ಸೆಕೆಂಡ್ ಸಂದೇಶ ಎಂದರೆ ಕಾಲಿಗೆ 50 ಸೆಕೆಂಡ್. 100 ಚಾನಲ್‌ಗೆ ಸೆಕೆಂಡಿಗೆ ಎರಡೇ ಕಾಲ್. 600 ಮುಗಿಯಲು 5 ನಿಮಿಷ. ಪ್ರತಿ ಫೈಲಿನ ಮಾರ್ಪಾಟಿನ ಸಮಯವನ್ನು ‘ಟಚ್’ ಆದೇಶದಿಂದ ಮುಂದಕ್ಕೆ ಹಾಕಿ, ಸೆಕೆಂಡಿಗೆ ಎರಡರಂತೆ. ಆ ಸಮಯ ಬರುವವರೆಗೆ ಆಸ್ಟರಿಸ್ಕ್ ಆ ಫೈಲ್ ಮುಟ್ಟುವುದಿಲ್ಲ. ಫೈಲನ್ನು ಬೇರೆಡೆ ಪೂರ್ತಿ ಬರೆದು, ಅದೇ ಫೈಲ್‌ಸಿಸ್ಟಮ್ ಒಳಗೆ ‘ಎಂವಿ’ ಮಾಡಿ. ‘ಸಿಪಿ’ ಮಾಡಿದರೆ ಅರ್ಧ ಬರೆದ ಫೈಲನ್ನೇ ಅದು ಓದಬಹುದು.

ಪ್ರಶ್ನೆ (ಬೆಳಗಾವಿ): ಕೃತಕ ಕಾಲ್ ಕಳಿಸುವ ಸಿಪ್‌ಪಿ ಸಾಧನದ ಪರೀಕ್ಷೆಯಲ್ಲಿ 800 ಕಾಲ್ ಸಲೀಸಾಗಿ ಹೋದವು. ನಿಜವಾದ ಕಾಲ್ 200ಕ್ಕೇ ಸರ್ವರ್ ಏದುಸಿರು ಬಿಡುತ್ತದೆ.

ಉತ್ತರ: ಸಿಪ್‌ಪಿಯ ‘ಯುಎಸಿ’ ಸಿನಾರಿಯೋ ಕರೆ ಕಟ್ಟಿ ಬಿಡಿಸುತ್ತದೆ, ದನಿ ಕಳಿಸುವುದಿಲ್ಲ. ನೀವು ಅಳೆದದ್ದು ಸಿಗ್ನಲಿಂಗ್ ಮಾತ್ರ. ದನಿಯನ್ನೂ ಕಳಿಸುವ ‘ಯುಎಸಿ ಪಿಕ್ಯಾಪ್’ ಸಿನಾರಿಯೋ ಬಳಸಿ, ಎದುರು ತುದಿಯ ಸಿಪ್‌ಪಿಗೆ ಬಂದ ದನಿ ಮರಳಿಸುವ ‘ಆರ್‌ಟಿಪಿ ಎಕೋ’ ಕೊಡಿ. ಆ ಕಾಲ್‌ಗಳು ನಿಮ್ಮ ನಿಜವಾದ ಐವಿಆರ್, ಸಾಲು, ರೆಕಾರ್ಡಿಂಗ್ ಮೂಲಕವೇ ಹಾದುಹೋಗಲಿ. ಸೆಕೆಂಡಿಗೆ 2 ಕಾಲ್, ತಲಾ 180 ಸೆಕೆಂಡ್ ಎಂದು ಇಟ್ಟರೆ 360ರಲ್ಲಿ ನಿಲ್ಲುತ್ತದೆ, ಅಲ್ಲಿಂದ ಏರಿಸಿ. ಸರ್ವರ್ ವರ್ಚುವಲ್ ಮಷೀನ್ ಆಗಿದ್ದರೆ ‘ಟಾಪ್’ನಲ್ಲಿ ‘ಎಸ್‌ಟಿ’ ಅಂಕಿ ಮೇಲೆ ಕಣ್ಣಿಡಿ. ಅದು ಸೊನ್ನೆ ಬಿಟ್ಟು ಮೇಲೇರುತ್ತಿದ್ದರೆ ನಿಮ್ಮ ಸಿಪಿಯು ಸಮಯವನ್ನು ಪಕ್ಕದ ಮಷೀನ್ ತಿನ್ನುತ್ತಿದೆ. ಅದಕ್ಕೆ ಆಸ್ಟರಿಸ್ಕ್ ಒಳಗೆ ಮದ್ದಿಲ್ಲ, ಕೋರ್‌ಗಳನ್ನು ನಿಮಗೇ ಮೀಸಲಿಡುವಂತೆ ಹೋಸ್ಟ್ ನೋಡಿಕೊಳ್ಳುವವರನ್ನು ಕೇಳಿ.