ಬಂದೂಕಿಲ್ಲದ ಆಟ ಯಾವುದಿದೆ, ಹೇಳಿ ಮೇಡಂ

ಪ್ರಶ್ನೆ: ಮೇಡಂ, ನನ್ನ ಮಗ ಎಂಟನೇ ಕ್ಲಾಸು. ಟ್ಯೂಷನ್‌ನಿಂದ ಬಂದವನೇ ಅವರಪ್ಪನ ಮೊಬೈಲ್ ಹಿಡಿದು ಫ್ರೀ ಫೈರ್ ಅನ್ನುವ ಬಂದೂಕಿನ ಆಟ ಶುರು ಮಾಡುತ್ತಾನೆ. ರೂಮಿನಿಂದ ‘ಹೊಡಿಯೋ ಅವನಿಗೆ, ಬಿಡಬೇಡ’ ಅಂತ ಒಂದೇ ಕೂಗು. ನಮ್ಮ ಅತ್ತೆಗಂತೂ ಗಾಬರಿ. ದೃಷ್ಟಿ ತೆಗೆದೂ ಆಯ್ತು. ಇವನು ಮುಂದೆ ಒರಟ ಆಗುತ್ತಾನಾ? ಹೊಡೆದಾಟ ಇಲ್ಲದ ಆಟ ಇದ್ದರೆ ಹೇಳಿ. ಗಣಿತ ಕಲಿಸುವ ಆಪ್ ಹಾಕಿಕೊಟ್ಟೆ. ಎರಡು ನಿಮಿಷ ನೋಡಿ ಬಿಟ್ಟುಬಿಟ್ಟ.
— ಓದುಗರೊಬ್ಬರು, ನಿಜಲಿಂಗಪ್ಪ ಬಡಾವಣೆ, ದಾವಣಗೆರೆ

ಉತ್ತರ: ಮೊದಲು ಅತ್ತೆಯವರಿಗೆ ಧೈರ್ಯ ಹೇಳಿ. 2019ರಲ್ಲಿ ಆಕ್ಸ್‌ಫರ್ಡ್‌ನವರು ಬ್ರಿಟನ್ನಿನ ಸಾವಿರದಷ್ಟು ಹದಿಹರೆಯದವರನ್ನೂ ಅವರ ಅಪ್ಪ-ಅಮ್ಮಂದಿರನ್ನೂ ಕೇಳಿ ನೋಡಿದರು. ಹೊಡೆದಾಟದ ಗೇಮ್ ಆಡುವುದಕ್ಕೂ ಮಕ್ಕಳ ಸಿಟ್ಟು, ಜಗಳಕ್ಕೂ ನಂಟು ಕಾಣಲಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞರ ಸಂಘ ಸ್ವಲ್ಪ ಬೇರೆ ಮಾತು ಹೇಳುತ್ತದೆ. ಕೂಗಾಟ, ತಳ್ಳಾಟದಂಥದ್ದಕ್ಕೆ ಸಣ್ಣ ನಂಟು ಇದೆ, ಆದರೆ ನಿಜವಾದ ಹಿಂಸೆಗೆ ಗೇಮೇ ಕಾರಣ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ 2020ರಲ್ಲಿ ಅದು ಹೇಳಿತು. ನಿಮ್ಮ ಮಗನ ಕೂಗು ಆ ಸಣ್ಣ ನಂಟಿನೊಳಗೇ ಬರುತ್ತದೆ ಅಂದುಕೊಳ್ಳಿ.

ನಾನು ದುರ್ಗದವಳು. ನಮ್ಮೂರಲ್ಲಿ ಮಗು ಊಟಕ್ಕೆ ಹಠ ಮಾಡಿದರೆ ಓಬವ್ವನ ಕಥೆ ತೆಗೆಯುತ್ತೇವೆ. ಕಿಂಡಿಯಲ್ಲಿ ತೂರಿ ಬಂದ ಹೈದರಾಲಿಯ ಸೈನಿಕರ ತಲೆಗೆ ಒನಕೆ ಏಟು, ಹೆಣ ಎಳೆದು ಪಕ್ಕಕ್ಕೆ ಹಾಕಿ ಮುಂದಿನವನಿಗೆ ಕಾಯುವುದು, ಒಂದನ್ನೂ ಬಿಡುವುದಿಲ್ಲ. ಕೋಟೆಗೆ ಕರೆದುಕೊಂಡು ಹೋದರೆ ಮಕ್ಕಳು ಕಿಂಡಿ ಮುಂದೆ ಅದನ್ನೇ ಆಡುತ್ತಾರೆ. ನಮಗೆ ಹೆಮ್ಮೆ! ಆದರೆ ಆ ಕಥೆಯಲ್ಲಿ ಊಟಕ್ಕೆ ಕೂತ ಗಂಡ ಇದ್ದಾನೆ, ನೀರು ತರಲು ಹೋದ ಹೆಂಗಸು ಇದ್ದಾಳೆ, ಕೊನೆಗೆ ಅವಳೂ ಉಳಿಯುವುದಿಲ್ಲ. ಫ್ರೀ ಫೈರ್‌ನಲ್ಲಿ 50 ಜನ ದ್ವೀಪಕ್ಕೆ ಇಳಿಯುತ್ತಾರೆ, ಕೊನೆಗೆ ಉಳಿದವರು ‘ಬೂಯಾ’ ಅನ್ನುತ್ತಾರೆ, ಸತ್ತವರು ಇನ್ನೊಂದು ಮ್ಯಾಚಿಗೆ ಹೊರಡುತ್ತಾರೆ. ಯಾರು ಯಾಕೆ ಸತ್ತರು ಅಂತ ಕೇಳುವವರೇ ಇಲ್ಲ. ನನಗೆ ಅದು ಭಯಂಕರ ಅನ್ನಿಸುವುದಕ್ಕಿಂತ ಸಪ್ಪೆ ಅನ್ನಿಸುತ್ತದೆ.

ಹಾಗಾದರೆ ಹುಡುಗರಿಗೆ ಅದರಲ್ಲಿ ಏನಿದೆ? ಒಂದೆರಡು ಮ್ಯಾಚ್ ಪಕ್ಕದಲ್ಲಿ ಸುಮ್ನೆ ಕೂತು ಕೇಳಿ. ‘ನಾಕ್ ಆದೆ ಕಣೋ, ರಿವೈವ್ ಮಾಡು’ (ಏಟು ತಿಂದು ಬಿದ್ದೆ, ಬಂದು ಎಬ್ಬಿಸು ಅಂತ), ‘ಇರು ಬಂದೆ’, ‘ನನ್ನ ಹತ್ರ ಮೆಡ್‌ಕಿಟ್ ಇದೆ, ತಗೋ.’ ನನ್ನ ಕಂಪ್ಯೂಟರ್ ಕ್ಲಾಸಿನ ಮೆಟ್ಟಿಲ ಮೇಲೆ ಸಂಜೆ ಕೂರುವ ಹುಡುಗರ ಬಾಯಲ್ಲೂ ಇದೇ ಮಾತು ಜಾಸ್ತಿ. ಅವರನ್ನು ಎಳೆಯುವುದು ಸ್ಕ್ವಾಡು, ಅಂದರೆ ಜೊತೆಗೆ ಆಡುವ ಗೆಳೆಯರ ತಂಡ. ಬಂದೂಕು ಆಮೇಲೆ. ನಿಮ್ಮ ಗಣಿತದ ಆಪ್‌ನಲ್ಲಿ ಗೆಳೆಯನೂ ಇಲ್ಲ, ಸೋಲು-ಗೆಲುವಿನ ಬಿಸಿಯೂ ಇಲ್ಲ. ಅವನು ಎರಡು ನಿಮಿಷ ನೋಡಿದ್ದೇ ಜಾಸ್ತಿ ಆಯ್ತು ಬಿಡಿ.

ಆದ್ದರಿಂದ ಒಳ್ಳೆ ಆಟ ಹುಡುಕಬೇಡಿ, ಅವನಿಗೆ ಬೇಕಾದ್ದು ಕೊಡುವ ಆಟ ಹುಡುಕಿ. ಗೆಳೆಯರೂ ಬೇಕು, ಚುರುಕೂ ಬೇಕು ಅಂದರೆ ರಾಕೆಟ್ ಲೀಗ್ ಸೈಡ್‌ಸ್ವೈಪ್ ತೋರಿಸಿ. ಕಾರುಗಳು ಹಾರಿ ಹಾರಿ ಫುಟ್‌ಬಾಲ್ ಆಡುತ್ತವೆ. ಇಬ್ಬರು ಒಂದು ಟೀಮು, ಮ್ಯಾಚು ಎರಡೇ ನಿಮಿಷ. ಕೂಗಾಟ ಇದರಲ್ಲೂ ಇರುತ್ತದೆ, ಅದನ್ನು ನಿಲ್ಲಿಸುವ ಆಟ ನನಗೆ ಗೊತ್ತಿಲ್ಲ.

ಗಾಡಿ ಹುಚ್ಚು ಇದ್ದರೆ ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ. ಹೆಸರು ನೋಡಿ ನಗಬೇಡಿ. ಬಸ್ಸಿಗೆ ನಮಗೆ ಬೇಕಾದ ಬಣ್ಣ, ಬರಹ ಹಾಕಿಕೊಳ್ಳಬಹುದು. ನಮ್ಮ ಹುಡುಗರು ಕೆಎಸ್‌ಆರ್‌ಟಿಸಿ ಕೆಂಪು ಬಸ್ಸನ್ನೇ ಇಳಿಸಿದ್ದಾರೆ. ನನ್ನ ಕ್ಲಾಸಿನಲ್ಲಿ ಎಕ್ಸೆಲ್ ಅಂದರೆ ಆಕಳಿಸುವ ಒಬ್ಬ ಹುಡುಗ, ಬಸ್ಸಿನ ಪಕ್ಕಕ್ಕೆ ಪಟ್ಟೆ ಸರಿಯಾಗಿ ಕೂರಿಸಲು ಫೋಟೊ ಎಡಿಟಿಂಗ್ ಪೂರ್ತಿ ಕಲಿತ. ಬೋರ್ಡು ‘ಚಿತ್ರದುರ್ಗ – ಹೊಳಲ್ಕೆರೆ’. ಇನ್ನು ಡಿಕ್ಕಿ ಹೊಡೆಯದೆ ಆ ಬಸ್ಸನ್ನು ನಿಲ್ದಾಣಕ್ಕೆ ತಿರುಗಿಸಿ ನೋಡಿ, ನಮ್ಮ ಡ್ರೈವರಣ್ಣಂದಿರ ಮೇಲೆ ಗೌರವ ಬರುತ್ತದೆ.

ಕಟ್ಟುವ ಚಟ ಇದ್ದರೆ ಮೈನ್‌ಕ್ರಾಫ್ಟ್. ದುಡ್ಡು ಕೊಟ್ಟು ಕೊಳ್ಳಬೇಕು. ಅದರಲ್ಲಿ ‘ಪೀಸ್‌ಫುಲ್’ ಅಂತ ಒಂದು ಸೆಟ್ಟಿಂಗ್ ಇದೆ, ಹಾಕಿದರೆ ಮೇಲೆ ಬೀಳುವ ದೆವ್ವ-ಗಿವ್ವ ಬರುವುದಿಲ್ಲ. ಒಂದೇ ವೈಫೈನಲ್ಲಿರುವ ಗೆಳೆಯರು ಸೇರಿ ಕಟ್ಟಬಹುದು. ನಿಮ್ಮೂರ ಗಾಜಿನ ಮನೆ ಕಟ್ಟಿ ತೋರಿಸು ಅಂತ ಪಂದ್ಯ ಕಟ್ಟಿ. ಬೇಸಾಯದ ಆಟ ಸ್ಟಾರ್ಡ್ಯೂ ವ್ಯಾಲಿ ನನಗೆ ಬಹಳ ಇಷ್ಟ. ಆದರೆ ಅದರ ಗಣಿಯೊಳಗೆ ಹೋದರೆ ಕತ್ತಿ ಬೀಸಬೇಕಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ನನ್ನ ನಿಜವಾದ ಚಿಂತೆ ಬೇರೆ. ಮೊಬೈಲ್ ಅವರಪ್ಪನದು ಅಂದಿರಿ. ಅದರಲ್ಲಿ ಯುಪಿಐ ಇರುತ್ತದೆ ಅಲ್ವಾ? ಡೈಮಂಡ್ ಟಾಪ್-ಅಪ್, ಅಂದರೆ ನಿಜವಾದ ದುಡ್ಡು ಕೊಟ್ಟು ಆಟದೊಳಗಿನ ಡೈಮಂಡ್ ಕೊಳ್ಳುವುದು, ಹುಡುಗರ ಪಾಲಿಗೆ ದೊಡ್ಡ ಆಸೆ. ಪಿನ್ ಬದಲಿಸಿ, ಪ್ಲೇ ಸ್ಟೋರ್ ಖರೀದಿಗೆ ಪಾಸ್‌ವರ್ಡ್ ಹಾಕಿ. ಮೈಕಿನಲ್ಲಿ ಆ ಕಡೆ ಯಾರು ಮಾತಾಡುತ್ತಿದ್ದಾರೆ ಅಂತ ವಿಚಾರಿಸಿ. ಕ್ಲಾಸಿನ ಗೆಳೆಯರಾದರೆ ಸರಿ, ಗುರುತಿಲ್ಲದವರಾದರೆ ಮೈಕ್ ಬಂದ್. ರಕ್ತ ಇಲ್ಲ ಅಂದ ಮಾತ್ರಕ್ಕೆ ಆಟ ಸಾಧು ಅಲ್ಲ. ಆನ್‌ಲೈನ್ ರಮ್ಮಿಯಲ್ಲಿ ಒಂದು ಹನಿ ರಕ್ತ ಬೀಳುವುದಿಲ್ಲ. ದುಡ್ಡು ಕಟ್ಟಿ ಆಡುವ ಇಂಥ ಆಟಗಳನ್ನು ನಿಷೇಧಿಸಲು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನನ್ನೇ ತರಬೇಕಾಯಿತು.

ಇನ್ನೊಂದು. ಮ್ಯಾಚ್ ಮಧ್ಯೆ ಮೊಬೈಲ್ ಕಿತ್ತುಕೊಳ್ಳಬೇಡಿ. ಅದನ್ನು ನಡುವೆ ನಿಲ್ಲಿಸಿ ಇಡಲು ಬರುವುದಿಲ್ಲ. ಬಿಟ್ಟು ಬಂದರೆ ಟೀಮಿನ ಉಳಿದವರಿಗೆ ಮೋಸ. ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ‘ಈ ಮ್ಯಾಚ್ ಮುಗಿಸಿ ಬಾ, ಇನ್ನೊಂದು ಶುರು ಮಾಡಬೇಡ’ ಅನ್ನಿ, ಅರ್ಧ ಜಗಳ ಅಲ್ಲೇ ಕಡಿಮೆ. ಅಷ್ಟಾದ ಮೇಲೂ ನಿದ್ದೆ ಬಿಟ್ಟರೆ, ದುಡ್ಡು ಕದ್ದರೆ, ಮನೆಯವರ ಮೇಲೆ ಕೈ ಮಾಡಿದರೆ, ಆಗ ಡಾಕ್ಟರ ಹತ್ತಿರ ಮಾತಾಡಿ.

ಪ್ರಶ್ನೆ: ನಾನು ಪಿಯು ವಿದ್ಯಾರ್ಥಿನಿ, ಹಾಸ್ಟೆಲ್‌ನಲ್ಲಿದ್ದೇನೆ. ಹಳೇ ಫೋನು, ಡೇಟಾ ಕಡಿಮೆ. ಯಾರನ್ನೂ ಸಾಯಿಸದೆ, ಓದಿ ತಲೆ ಬಿಸಿಯಾದಾಗ ಆಡುವಂಥದ್ದು ಇದೆಯಾ?
— ಚಿತ್ರದುರ್ಗ

ಉತ್ತರ: ಆಲ್ಟೋಸ್ ಒಡಿಸ್ಸಿ ಹಾಕಿ ನೋಡಮ್ಮ. ಮರಳುಗುಡ್ಡದ ಮೇಲೆ ಜಾರುತ್ತಾ ಹೋಗುವುದು, ಅಷ್ಟೇ. ಅದರಲ್ಲಿ ಜೆನ್ ಮೋಡ್ ಇದೆ, ಅಂಕವೇ ಇರುವುದಿಲ್ಲ. ಬಿದ್ದರೆ ಎದ್ದು ಮತ್ತೆ ಜಾರಿದರಾಯ್ತು. ಫೋನ್ ತೀರಾ ಹಳೇದಾದರೆ 2048 ಅನ್ನುವ ಅಂಕಿ ಜೋಡಿಸುವ ಆಟ ಸಾಕು. ಸ್ವಲ್ಪ ದುಡ್ಡು ಖರ್ಚು ಮಾಡಬಹುದಾದರೆ ಮಿನಿ ಮೆಟ್ರೋ. ಊರು ಬೆಳೆದಂತೆ ರೈಲಿನ ಗೆರೆ ಎಳೆಯುತ್ತಾ ಹೋಗಬೇಕು. ಅದರಲ್ಲಿ ಮುಂಬೈ ಕೂಡ ಇದೆ, ಅಲ್ಲಿನ ಜನಜಂಗುಳಿ ನನ್ನನ್ನು ಸೋಲಿಸುತ್ತಲೇ ಇರುತ್ತದೆ. ಚೆಸ್ ಬರುತ್ತದಾದರೆ ಲಿಚೆಸ್. ಪೂರ್ತಿ ಉಚಿತ, ಜಾಹೀರಾತಿನ ಕಾಟ ಇಲ್ಲ.

ಪ್ರಶ್ನೆ: ನಮ್ಮ ಕಾಲದ ಚೌಕಾಬಾರ, ಹುಲಿ-ಕುರಿ ಆಟಗಳಲ್ಲಿ ಹಿಂಸೆಯೇ ಇರಲಿಲ್ಲ. ಅವನ್ನೇ ಮೊಮ್ಮಕ್ಕಳಿಗೆ ಕಲಿಸಬಾರದೇಕೆ?
— ನಿವೃತ್ತ ಮೇಷ್ಟ್ರು, ಹೊಸದುರ್ಗ

ಉತ್ತರ: ಖಂಡಿತ ಕಲಿಸಿ ಮೇಷ್ಟ್ರೇ. ಆದರೆ ಹಿಂಸೆ ಇರಲಿಲ್ಲ ಅನ್ನಬೇಡಿ! ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಚೌಕಾಬಾರದ ಒಳಸುತ್ತಿಗೆ ಹೋಗುವ ಹಾಗಿಲ್ಲ ಅಂತ ನಮ್ಮಜ್ಜಿಯ ಕಟ್ಟುನಿಟ್ಟು. ಹುಲಿ-ಕುರಿಯಲ್ಲಿ ಹುಲಿ ಏನು ತಿನ್ನುತ್ತದೆ ಅಂತ ನಿಮಗೇ ಗೊತ್ತು. ನಿಜಕ್ಕೂ ಸಾಧು ಆಟ ಅಂದರೆ ಅಳಗುಳಿ ಮನೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಹುಣಸೆ ಬೀಜ. ಲೆಕ್ಕ ಹಾಕದೆ ಗೆಲ್ಲಲು ಆಗುವುದಿಲ್ಲ. ಹಲಗೆ ಸಿಗದಿದ್ದರೆ ಮೊಟ್ಟೆ ಟ್ರೇ ಕತ್ತರಿಸಿಕೊಳ್ಳಿ. ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲ ಅಂದರೆ ಸೀಮೆಸುಣ್ಣದಲ್ಲಿ ನೆಲದ ಮೇಲೆ 14 ಸೊನ್ನೆ ಬರೆದರೂ ಆಟ ನಡೆಯುತ್ತದೆ.