ಕೌನ್ಸಿಲ್ ಮನೆ: ಮೊದಲು ಗೋಡೆ, ಆಮೇಲೆ ಹೀಟ್ ಪಂಪ್

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತ ಸಂಸ್ಥೆಯಾದ ಕೌನ್ಸಿಲ್‌ನ ಬಾಡಿಗೆ ಮನೆಯಲ್ಲಿದ್ದೇವೆ. ಮನೆಯ ಇಂಧನ ಪ್ರಮಾಣಪತ್ರದಲ್ಲಿ ‘ಇ’ ದರ್ಜೆ ನಮೂದಾಗಿದೆ. ಗ್ಯಾಸ್ ಬಾಯ್ಲರ್ ತೆಗೆದು ಹೀಟ್ ಪಂಪ್ ಕೂರಿಸುವುದಾಗಿಯೂ ಗೋಡೆಗಳಿಗೆ ಹೊರಗಿನಿಂದ ಇನ್ಸುಲೇಷನ್ (ಶಾಖ ಸೋರದಂತೆ ತಡೆಯುವ ಹೊದಿಕೆ) ಮಾಡಿಸುವುದಾಗಿಯೂ ಕೌನ್ಸಿಲ್ ಪತ್ರ ಕಳಿಸಿದೆ. ನಮ್ಮ ಬಿಲ್ ಇಳಿಯುವುದೇ?
– ಲೆಸ್ಟರ್‌ನ ಓದುಗರು

ಉತ್ತರ: ಇಳಿಯುವ ಸಾಧ್ಯತೆ ಇದೆ. ಆದರೆ ಅದು ಎರಡೂ ಕೆಲಸಗಳು ಯಾವ ಕ್ರಮದಲ್ಲಿ, ಎಷ್ಟು ಅಚ್ಚುಕಟ್ಟಾಗಿ ನಡೆಯುತ್ತವೆ ಎಂಬುದನ್ನು ಅವಲಂಬಿಸಿದೆ. ಹೊರಗಿನ ಗಾಳಿ ಅಥವಾ ನೆಲದಲ್ಲಿರುವ ಶಾಖವನ್ನು ಎಳೆದುಕೊಳ್ಳುವ ಹೀಟ್ ಪಂಪ್ ಒಂದು ಯೂನಿಟ್ ವಿದ್ಯುತ್ ಬಳಸಿ ಸುಮಾರು ಮೂರು ಯೂನಿಟ್ ಶಾಖವನ್ನು ಮನೆಯೊಳಗೆ ತರುತ್ತದೆ. ಇದು ದೊಡ್ಡ ಲಾಭದಂತೆ ತೋರಿದರೂ, ಬ್ರಿಟನ್ನಿನಲ್ಲಿ ಒಂದು ಯೂನಿಟ್ ವಿದ್ಯುತ್ತಿನ ದರ ಈಚಿನ ವರ್ಷಗಳಲ್ಲಿ ಗ್ಯಾಸಿನ ದರದ ಸುಮಾರು ನಾಲ್ಕು ಪಟ್ಟು ಇರುವುದರಿಂದ, ಶಾಖ ಸೋರುವ ಮನೆಯಲ್ಲಿ ಪಂಪನ್ನಷ್ಟೇ ಕೂರಿಸಿದರೆ ಬಿಲ್ ಇದ್ದಲ್ಲಿಯೇ ನಿಲ್ಲಬಹುದು, ಏರಲೂಬಹುದು. ಹಳೆಯ ಎಲೆಕ್ಟ್ರಿಕ್ ಹೀಟರ್ ಇರುವ ಮನೆಗಳ ಲೆಕ್ಕವೇ ಬೇರೆ. ಅಲ್ಲಿ ಪಂಪ್ ಬಂದರೆ ಉಳಿತಾಯ ಬಹುಮಟ್ಟಿಗೆ ಖಚಿತ. ನಿಮ್ಮದು ಗ್ಯಾಸ್ ಮನೆಯಾದ್ದರಿಂದ ಗೋಡೆಯ ಕೆಲಸ ಮೊದಲು ಮುಗಿಯಲಿ ಎಂದು ಪಟ್ಟು ಹಿಡಿಯಿರಿ.

ಇದಕ್ಕೆ ತಾಂತ್ರಿಕ ಕಾರಣವೂ ಉಂಟು. ರೇಡಿಯೇಟರ್‌ಗಳಲ್ಲಿ ಹರಿದು ಕೋಣೆಗಳನ್ನು ಬೆಚ್ಚಗಿಡುವ ಪಂಪಿನ ನೀರು ಬಾಯ್ಲರಿನ ನೀರಿನಷ್ಟು ಬಿಸಿಯಾಗಿರಬೇಕಿಲ್ಲ. ಅದು ತಣ್ಣಗಿದ್ದಷ್ಟೂ ಪಂಪಿನ ದಕ್ಷತೆ ಹೆಚ್ಚು. ಗೋಡೆ ಶಾಖವನ್ನು ಹಿಡಿದಿಡದಿದ್ದರೆ ನೀರನ್ನು ಹೆಚ್ಚು ಕಾಯಿಸಬೇಕಾಗುತ್ತದೆ, ಆಗ ಮೂರು ಯೂನಿಟ್ ಎಂಬ ಲೆಕ್ಕ ಕುಸಿಯುತ್ತದೆ. ಆದ್ದರಿಂದ ಪ್ರತಿ ಕೋಣೆಯಿಂದ ಎಷ್ಟು ಶಾಖ ಹೊರಹೋಗುತ್ತದೆಂದು ಲೆಕ್ಕ ಹಾಕಿದ್ದಾರೆಯೇ, ಈಗಿನ ರೇಡಿಯೇಟರ್‌ಗಳು ಸಾಕೇ, ನೀರಿನ ಉಷ್ಣತೆಯನ್ನು ಎಷ್ಟಕ್ಕೆ ನಿಗದಿ ಮಾಡುತ್ತಾರೆ ಎಂದು ಕೌನ್ಸಿಲನ್ನು ಲಿಖಿತವಾಗಿ ಕೇಳಿ. ಉತ್ತರ 55 ಡಿಗ್ರಿಗಿಂತ ಮೇಲಿದ್ದರೆ ಅನುಮಾನಿಸಲು ಕಾರಣವಿದೆ.

ಪ್ರಮಾಣಪತ್ರದ ಬಗ್ಗೆಯೂ ಒಂದು ಮಾತು. ‘ಎ’ಯಿಂದ ‘ಜಿ’ವರೆಗಿನ ಆ ದರ್ಜೆ ನಿಮ್ಮ ಮೀಟರ್ ನೋಡಿ ಕೊಟ್ಟದ್ದಲ್ಲ. ಮನೆಯ ಅಳತೆ, ಗೋಡೆ, ಕಿಟಕಿ, ಹೀಟಿಂಗ್ ವ್ಯವಸ್ಥೆಗಳನ್ನು ಆಧರಿಸಿ, ಒಂದು ಮಾದರಿ ಕುಟುಂಬ ಅಲ್ಲಿದ್ದರೆ ಇಂಧನಕ್ಕೆ ಎಷ್ಟು ಖರ್ಚಾದೀತು ಎಂದು ಅಂದಾಜಿಸಿ ಅಂಕ ಕೊಡುತ್ತಾರೆ. ಆದ್ದರಿಂದ ದರ್ಜೆ ಏರಿದಷ್ಟು ಬಿಲ್ ಇಳಿಯಬೇಕೆಂದಿಲ್ಲ. ಬಿಲ್ಲಿನ ಭಯದಿಂದ ಇಷ್ಟು ದಿನ ಒಂದೇ ಕೋಣೆಯನ್ನು ಬೆಚ್ಚಗಿಟ್ಟುಕೊಂಡು ಬಂದ ಮನೆಯವರು ಕೆಲಸ ಮುಗಿದ ಮೇಲೆ ಎಲ್ಲ ಕೋಣೆಗಳನ್ನೂ ಬೆಚ್ಚಗಿಡತೊಡಗುತ್ತಾರೆ, ಹೀಗಾಗಿ ಬಿಲ್ಲಿನಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಇದನ್ನು ಯೋಜನೆಯ ಸೋಲೆನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಚಳಿಗಾಲದಲ್ಲಿ ಮಕ್ಕಳ ಕೋಣೆ ಬೆಚ್ಚಗಿರುವುದೂ ಲಾಭವೇ.

ಪ್ರಶ್ನೆ: ಕೌನ್ಸಿಲ್‌ನವರು ಹೊಸ ಕಿಟಕಿ ಹಾಕಿ, ಅಟ್ಟಕ್ಕೆ ಇನ್ಸುಲೇಷನ್ ಮಾಡಿಸಿದ ಮೇಲೆ ಮಲಗುವ ಕೋಣೆಯ ಮೂಲೆಗಳಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಂಡಿದೆ. ಬಟ್ಟೆಯನ್ನು ಒಳಗೆ ಒಣಗಿಸಬೇಡಿ ಎಂದಷ್ಟೇ ಹೇಳುತ್ತಾರೆ.
– ಬ್ರಾಡ್‌ಫರ್ಡ್‌ನ ಓದುಗರು

ಉತ್ತರ: ಬಟ್ಟೆಯಿಂದ ತೇವ ಹೆಚ್ಚುವುದು ನಿಜ, ಆದರೆ ಕೆಲಸವಾದ ಮೇಲೆಯೇ ಬೂಷ್ಟು ಬಂದಿದ್ದರೆ ತಪ್ಪನ್ನೆಲ್ಲ ಬಟ್ಟೆಯ ಮೇಲೆ ಹೊರಿಸುವುದು ಸರಿಯಲ್ಲ. ಹಳೆಯ ಕಿಟಕಿಗಳ ಸಂದಿಯಿಂದ ತಾನಾಗಿ ಆಡುತ್ತಿದ್ದ ಗಾಳಿ ಈಗ ನಿಂತಿದೆ. ಅಡುಗೆ, ಸ್ನಾನ, ಉಸಿರಾಟಗಳಿಂದ ಬಂದ ಆವಿ ಇನ್ಸುಲೇಷನ್ ತಲುಪದ ತಣ್ಣನೆಯ ಮೂಲೆಗಳಲ್ಲಿ ನೀರಾಗಿ ಕೂರುತ್ತದೆ. ಸರ್ಕಾರಿ ಅನುದಾನದ ಮನೆ ಸುಧಾರಣೆಗಳಿಗೆ ಅನ್ವಯಿಸುವ ಪಿಎಎಸ್ 2035 ಎಂಬ ಮಾನದಂಡ ಗಾಳಿಯಾಟವನ್ನೂ ಪರಿಶೀಲಿಸಬೇಕೆನ್ನುತ್ತದೆ. ಆ ಪರಿಶೀಲನೆಯ ವರದಿಯನ್ನು ಕೇಳಿ. ಅಡುಗೆಮನೆ ಮತ್ತು ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ನಿಜವಾಗಿ ಗಾಳಿ ಎಳೆಯುತ್ತಿದೆಯೇ ಎಂದೂ ನೋಡಿಸಿ.

ನಿಮ್ಮ ಕೈಯಲ್ಲಿ ಕಾನೂನೂ ಇದೆ. ರಾಚ್‌ಡೇಲ್‌ನಲ್ಲಿ 2020ರಲ್ಲಿ ಮನೆಯ ಬೂಷ್ಟಿನಿಂದಾಗಿ ತೀರಿಕೊಂಡ ಎರಡು ವರ್ಷದ ಅವಾಬ್ ಇಶಾಕ್‌ನ ಹೆಸರಿನಲ್ಲಿ ಕರೆಯಲಾಗುವ ನಿಯಮಗಳು ಇಂಗ್ಲೆಂಡಿನಲ್ಲಿ 2025ರ ಅಕ್ಟೋಬರ್ 27ರಿಂದ ಜಾರಿಯಲ್ಲಿವೆ. ಆರೋಗ್ಯಕ್ಕೆ ಗಣನೀಯ ಅಪಾಯವಿರುವ ತೇವ ಮತ್ತು ಬೂಷ್ಟಿನ ದೂರು ಬಂದರೆ 10 ಕೆಲಸದ ದಿನಗಳೊಳಗೆ, ತುರ್ತು ಅಪಾಯವಿದ್ದರೆ 24 ಗಂಟೆಗಳೊಳಗೆ ಕೌನ್ಸಿಲ್ ತನಿಖೆ ಮಾಡುವುದು ಅವುಗಳಂತೆ ಕಡ್ಡಾಯ. ದೂರನ್ನು ಫೋನಿನಲ್ಲಿ ಹೇಳಿ ಬಿಡಬೇಡಿ. ಚಿತ್ರಗಳ ಸಹಿತ ಬರೆದು ಕಳಿಸಿ, ದಿನಾಂಕ ಉಳಿಯಲಿ.

ಪ್ರಶ್ನೆ: ಕೌನ್ಸಿಲ್‌ನ ಬಹುಮಹಡಿ ಕಟ್ಟಡದಲ್ಲಿ ನಮ್ಮ ಫ್ಲ್ಯಾಟನ್ನು ‘ರೈಟ್ ಟು ಬೈ’ (ಬಾಡಿಗೆದಾರರು ತಾವಿರುವ ಕೌನ್ಸಿಲ್ ಮನೆಯನ್ನು ಕೊಳ್ಳುವ ಹಕ್ಕು) ಅಡಿ ಕೊಂಡಿದ್ದೇವೆ. ಇಡೀ ಕಟ್ಟಡಕ್ಕೆ ಹೊರಹೊದಿಕೆ ಹಾಕುವರಂತೆ. ನಾವೂ ಪಾಲು ಕೊಡಬೇಕೇ?
– ಲಂಡನ್ನಿನ ಓದುಗರು

ಉತ್ತರ: ಫ್ಲ್ಯಾಟ್ ಕೊಳ್ಳುವಾಗ ಕೌನ್ಸಿಲ್ ಜೊತೆ ಮಾಡಿಕೊಂಡ ಲೀಸ್ ಪತ್ರವೇ ಇದನ್ನು ತೀರ್ಮಾನಿಸುತ್ತದೆ. ಕೆಲವು ಪತ್ರಗಳು ದುರಸ್ತಿಯ ಖರ್ಚನ್ನಷ್ಟೇ ವಸೂಲು ಮಾಡಲು ಬಿಡುತ್ತವೆ, ಕೆಲವು ಸುಧಾರಣೆಯ ಖರ್ಚನ್ನೂ ಸೇರಿಸುತ್ತವೆ. ಒಬ್ಬರ ಪಾಲು 250 ಪೌಂಡ್ ಮೀರುವುದಾದರೆ 1985ರ ಮನೆಮಾಲೀಕ-ಬಾಡಿಗೆದಾರ ಕಾಯಿದೆಯ (ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್) 20ನೇ ಕಲಮಿನ ಪ್ರಕಾರ ಕೌನ್ಸಿಲ್ ಮುಂಚಿತವಾಗಿ ನಿಮ್ಮೊಡನೆ ಸಮಾಲೋಚನೆ ನಡೆಸಬೇಕು. ಅನುದಾನ ಬಂದಿದ್ದರೆ ಅದನ್ನು ಕಳೆದು ಪಾಲು ಹಾಕಿದ್ದಾರೆಯೇ ಎಂದು ಆಗಲೇ ಕೇಳಿ. ಹೊದಿಕೆಯ ವಸ್ತು ಯಾವುದೆಂದೂ ವಿಚಾರಿಸಿ: 2017ರಲ್ಲಿ 72 ಜನರನ್ನು ಬಲಿ ತೆಗೆದುಕೊಂಡ ಗ್ರೆನ್‌ಫೆಲ್ ಬೆಂಕಿಯ ನಂತರ, 18 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳ ಹೊರಗೋಡೆಯ ಹೊಸ ಕೆಲಸಗಳಲ್ಲಿ ಹೊತ್ತಿಕೊಳ್ಳುವ ವಸ್ತುಗಳನ್ನು ಇಂಗ್ಲೆಂಡಿನಲ್ಲಿ ನಿಷೇಧಿಸಲಾಗಿದೆ.