ನಾಲ್ಕನೆಯವನಿಗೆ ಜಾಗವಿಲ್ಲದ ಪಾರ್ಟಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗುವ ವಿವರಗಳನ್ನು ಬದಲಿಸಿದೆ.)

ಬಂದವರು 19 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ, ಇರುವುದು ಹಾಸ್ಟೆಲ್‌ನಲ್ಲಿ. ನಿದ್ದೆ ಕೆಟ್ಟಿದೆ, ಸಿಟ್ಟಿನಲ್ಲಿ ಒಂದು ಮೌಸ್ ಒಡೆದಿದೆ, ಇಂಟರ್ನಲ್ಸ್‌ನಲ್ಲಿ ಎರಡು ವಿಷಯ ಕೈಕೊಟ್ಟಿವೆ. ಏನಾಯಿತೆಂದು ಕೇಳಿದರೆ ಒಂದೇ ಮಾತು: "ವ್ಯಾಲೊರಂಟ್ ರ್‍ಯಾಂಕ್ಡ್‌ನಲ್ಲಿ ಸೋಲೋ ಆಡೋರಿಗೆ ನ್ಯಾಯ ಇಲ್ಲ ಮೇಡಂ. ಆ ಕಡೆ ಐದೂ ಜನ ಒಂದೇ ಗ್ಯಾಂಗು. ನಾನೊಬ್ಬ ಏನ್ ಮಾಡ್ಲಿ?" ವ್ಯಾಲೊರಂಟ್ ಎಂದರೆ ಐದೈದು ಜನರ ಎರಡು ತಂಡಗಳು ಗುಂಡಿನ ಕಾಳಗ ನಡೆಸುವ ಆನ್‌ಲೈನ್ ಆಟ. ರ್‍ಯಾಂಕ್ಡ್ ಎಂದರೆ ಗೆದ್ದರೆ ಪಾಯಿಂಟ್ ಏರುವ, ಸೋತರೆ ಇಳಿಯುವ ಪಂದ್ಯ. ಸೋಲೋ ಎಂದರೆ ಒಬ್ಬರೇ ಬಂದು ಆಡುವುದು, ಪಾರ್ಟಿ ಎಂದರೆ ಮೊದಲೇ ಒಟ್ಟುಗೂಡಿ ಬರುವ ಗುಂಪು.

"ಆಟ ತಾನೇ, ಬಿಡಿ" ಎಂದುಬಿಟ್ಟರೆ ಇಂಥ ಹುಡುಗರು ಮುಂದಿನ ವಾರ ಬರುವುದಿಲ್ಲ. ದೂರಿನಲ್ಲಿ ಹುರುಳೂ ಇದೆ. ಒಟ್ಟಿಗೆ ಬಂದ ಮೂವರಲ್ಲಿ ಯಾರು ಮೊದಲು ನುಗ್ಗಬೇಕು, ಯಾರು ಸ್ಮೋಕ್ (ಎದುರಾಳಿಯ ನೋಟ ತಡೆಯುವ ಹೊಗೆ) ಹಾಕಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಒಂಟಿಯಾಗಿ ಬಂದವರು ಅದನ್ನೆಲ್ಲ ಸುತ್ತಿಗೆ ಮೊದಲು ಆಯುಧ ಖರೀದಿಗೆ ಸಿಗುವ 30 ಸೆಕೆಂಡಿನಲ್ಲಿ ಅಪರಿಚಿತರ ಜೊತೆ ಹೊಂದಿಸಿಕೊಳ್ಳಬೇಕು. ಆದರೆ "ಪ್ರತಿ ಸಲ ಐವರ ಗ್ಯಾಂಗು" ಎಂಬ ಮಾತು ನಿಲ್ಲುವುದಿಲ್ಲ. ಐವರ ಪಾರ್ಟಿಗೆ ಸಾಧ್ಯವಾದಷ್ಟೂ ಐವರ ಪಾರ್ಟಿಯನ್ನೇ ಎದುರು ಹಾಕಲು ಆಟದ ಸಿಸ್ಟಮ್ ನೋಡುತ್ತದೆ. ಸೋಲೋ ಆಟಗಾರನಿಗೆ ಎದುರಾಗುವುದು ಹೆಚ್ಚಾಗಿ ಇಬ್ಬರ, ಮೂವರ ಪಾರ್ಟಿಗಳು, ಮತ್ತು ಅಂಥವು ಅವನ ಕಡೆಯೂ ಇರುತ್ತವೆ.

ಎರಡು ವಾರ ನೋಟ್‌ಬುಕ್ ಇಡಲು ಹೇಳಿದೆ. ಮೊದಲ 12 ಸುತ್ತು ಮುಗಿದು ದಾಳಿ, ರಕ್ಷಣೆಯ ಪಕ್ಷ ಬದಲಾಗುವಾಗ "ಎದುರಿಗೆ ಪಾರ್ಟಿ ಇದೆ / ಇಲ್ಲ" ಎಂಬ ಊಹೆ, ಪಂದ್ಯ ಶುರುವಾದ ಹೊತ್ತು, ಕೊನೆಗೆ ಫಲಿತಾಂಶ. ಊಹೆಯನ್ನು ಸೋತ ಮೇಲೆ ಬರೆಯಬಾರದು. ಆಗ ಬರೆಯುವುದು ಊಹೆಯಲ್ಲ, ಸಮಾಧಾನ.

20 ಪಂದ್ಯ, 9 ಗೆಲುವು. ಗೆದ್ದ ಪಂದ್ಯಗಳಲ್ಲೂ ನಾಲ್ಕರ ಮುಂದೆ "ಪಾರ್ಟಿ ಇದೆ" ಎಂದಿತ್ತು. ಇಷ್ಟು ದಿನ ಗೆದ್ದಾಗ ಎದುರಿಗೆ ಯಾರಿದ್ದರೆಂದು ಅವರು ನೋಡಿಯೇ ಇರಲಿಲ್ಲ. 11 ಸೋಲಿನಲ್ಲಿ 8 ರಾತ್ರಿ ಹನ್ನೆರಡರ ನಂತರದವು, ಒಂದು ಸೋತ ತಕ್ಷಣ ಇನ್ನೊಂದಕ್ಕೆ ಕ್ಯೂ ಹಾಕಿದವು. ಪಂದ್ಯಕ್ಕೆ ಸುಮಾರು 20 ಪಾಯಿಂಟ್ ಎಂದರೂ ಒಟ್ಟು ನಷ್ಟ 40. ರ್‍ಯಾಂಕ್‌ನ ಒಂದು ಮೆಟ್ಟಿಲಿಗೆ 100 ಬೇಕು. ಆ ಲೆಕ್ಕವನ್ನು ಅವರೇ ಹಾಳೆಯ ಮೇಲೆ ಮಾಡಿ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು.

ಆಮೇಲೆ ನಿಜವಾದ ವಿಷಯ ಬಂತು. ರೂಮಿನಲ್ಲಿ ಇನ್ನೂ ಮೂವರಿದ್ದಾರೆ, ಮೂವರೂ ಒಟ್ಟಿಗೆ ರ್‍ಯಾಂಕ್ಡ್ ಆಡುತ್ತಾರೆ. ರ್‍ಯಾಂಕ್ಡ್‌ನಲ್ಲಿ ಪಾರ್ಟಿ ಎಂದರೆ ಒಬ್ಬರು, ಇಬ್ಬರು, ಮೂವರು ಅಥವಾ ಐವರು. ನಾಲ್ವರಿಗೆ ಅವಕಾಶವಿಲ್ಲ, ಏಕೆಂದರೆ ನಾಲ್ವರ ಜೊತೆ ಸಿಕ್ಕಿಬೀಳುವ ಐದನೆಯ ಅಪರಿಚಿತ ಒಂಟಿಯಾಗುತ್ತಾನೆ. ಒಂಟಿಯವರನ್ನು ಕಾಯಲು ಮಾಡಿದ ಆ ನಿಯಮವೇ ಇವರನ್ನು ಹೊರಗಿಟ್ಟಿತ್ತು. ಪಕ್ಕದ ಮಂಚದಲ್ಲಿ ಮೂವರು ನಗುತ್ತಿದ್ದರೆ, ಇವರು ಹೆಡ್‌ಫೋನ್ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಆಡುತ್ತಿದ್ದರು. "ಗ್ಯಾಂಗು" ಎಂಬ ಪದದಲ್ಲಿದ್ದ ಕಹಿ ಎದುರಾಳಿಗಳ ಮೇಲಿನದಷ್ಟೇ ಆಗಿರಲಿಲ್ಲ.

ಸಲಹೆಯಲ್ಲಿ ಮೊದಲನೆಯದು ಗೆಳೆಯರೊಂದಿಗೆ ಮಾತು. "ನನ್ನನ್ನ ಬಿಟ್ಟು ಆಡ್ತೀರಾ" ಎಂದು ಶುರು ಮಾಡಿದರೆ ಜಗಳವಾಗುತ್ತದೆ. "ವಾರದಲ್ಲಿ ಎರಡು ದಿನ ಇಬ್ಬಿಬ್ಬರಾಗಿ ಆಡೋಣ್ವಾ?" ಎಂದು ಕೇಳಿ ನೋಡಿ ಎಂದೆ. ಭಾನುವಾರ ನಾಲ್ವರೂ ಅನ್‌ರೇಟೆಡ್ (ಪಾಯಿಂಟ್ ಲೆಕ್ಕವಿಲ್ಲದ ಪಂದ್ಯ) ಆಡಬಹುದು, ಅಲ್ಲಿ ಈ ತಡೆಯಿಲ್ಲ. ಸೋಲೋ ದಿನಗಳಿಗೆ ಕಟ್ಟುಪಾಡು: ದಿನಕ್ಕೆ ಮೂರೇ ಪಂದ್ಯ, ಎರಡು ಸತತ ಸೋತರೆ ಅಲ್ಲಿಗೇ ನಿಲ್ಲಿಸುವುದು. ಪಂದ್ಯ 40 ನಿಮಿಷ ಎಳೆಯಬಹುದು, ಹಾಗಾಗಿ ಹತ್ತರ ನಂತರ ಕ್ಯೂ ಒತ್ತುವಂತಿಲ್ಲ. ಬೈಯುವವರನ್ನು ಉತ್ತರಿಸದೆ ಮ್ಯೂಟ್ ಮಾಡುವುದು. ತಂಡಕ್ಕೆ ಶತ್ರು ಎಲ್ಲಿ, ಎಷ್ಟು ಜನ ಎಂಬಷ್ಟನ್ನೇ ಹೇಳುವುದು. ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ದಿನವೇ ಕೇಳಿದ್ದೆ, ಇರಲಿಲ್ಲ. ನಿದ್ದೆ ಮಾತ್ರ ಎರಡು ವಾರದಲ್ಲಿ ಸರಿಹೋಗದಿದ್ದರೆ ವೈದ್ಯರನ್ನು ಕಾಣಬೇಕೆಂದು ಬರೆದುಕೊಟ್ಟೆ.

ಮೂರನೆಯ ಭೇಟಿಗೆ ಬಂದಾಗ ಒಂದು ತೊಡಕು ತಂದಿದ್ದರು. ರ್‍ಯಾಂಕ್‌ನಲ್ಲಿ ಇವರು ಸಿಲ್ವರ್, ಗೆಳೆಯರಲ್ಲಿ ಒಬ್ಬ ಅದಕ್ಕಿಂತ ಎರಡು ಹಂತ ಮೇಲಿನ ಪ್ಲಾಟಿನಂ. ಅಷ್ಟು ಅಂತರವಿದ್ದರೆ ಇಬ್ಬರ ಪಾರ್ಟಿ ಆಗದು. ಉಳಿದಿಬ್ಬರು ನಡುವಿನ ಗೋಲ್ಡ್. ಅವರಲ್ಲಿ ಒಬ್ಬನೇ "ಬುಧವಾರ, ಶುಕ್ರವಾರ ನಾನು ನಿನ್ ಜೊತೆ ಬರ್ತೀನಿ ಬಿಡೋ" ಎಂದನಂತೆ.